ಬೇವಿನ ಗಂಜಿ

ಹೊಳೆದಂಡೆಯ ಆಶ್ರಮಕ್ಕೆ ಪಂಪವ್ವ ಬಂದು ಒಂಬತ್ತು ದಿನವಾಗಿತ್ತು. ಕಸ ಗುಡಿಸುತ್ತಿದ್ದಳು, ನೀರು ಹೊರುತ್ತಿದ್ದಳು. ಗಂಜಿ ಮಾತ್ರ ಎರಡು ಗುಟುಕಿಗಿಂತ ಹೆಚ್ಚು ಇಳಿಯುತ್ತಿರಲಿಲ್ಲ.

ಹತ್ತನೆಯ ದಿನ ಗುರು ಸಂಗಮ್ಮತಾಯಿಯ ಮುಂದೆ ಎಲ್ಲ ಹೇಳಿಕೊಂಡಳು.

ಒಂದೂವರೆ ವರ್ಷದ ಮಗಳಿಗೆ ಮೊಲೆ ಬಿಡಿಸಬೇಕೆಂದು ಎದೆಗೆ ಬೇವು ಅರೆದು ಹಚ್ಚಿಕೊಂಡಿದ್ದಳು. ಕೂಸು ಬಾಯಿ ಹಾಕಿತು, ಉಗುಳಿತು, ಅದೇ ಎದೆಗೆ ರಪರಪ ಹೊಡೆದು ದೂಡಿತು. ಎರಡು ದಿನಕ್ಕೆ ಜ್ವರ ಬಂತು. ನಾಲ್ಕನೆಯ ದಿನ ಕೂಸಿಲ್ಲ. ಅವ್ವನ ಸೆರಗು ಹಿಡಿದ ಮುಷ್ಟಿ ಬಿಡಿಸಲಾಗದೆ, ಸೆರಗನ್ನೇ ಕತ್ತರಿಸಿ ಮಣ್ಣು ಮಾಡಿದರು.

ಊರಲ್ಲಿ ಬೇವು ಹಚ್ಚದ ತಾಯಿ ಯಾರಿದ್ದಾರೆ? ಜ್ವರಕ್ಕೂ ಬೇವಿಗೂ ಏನು ಸಂಬಂಧ? ಹೆತ್ತ ಕರುಳು ಅದನ್ನೆಲ್ಲ ಕೇಳೀತೇ!

"ನನ್ನ ಮೇಲೆ ಹಗೆ ಇಟ್ಟುಕೊಂಡೇ ಹೋದಳೇನು ತಾಯಿ? ಹೌದಾದರೆ ನಾನು ಬದುಕಿರಬಾರದು."



ಮರುದಿನ ಬೆಳಿಗ್ಗೆ ಸಂಗಮ್ಮತಾಯಿ ತಾವೇ ಗಂಜಿ ಬಡಿಸಿದರು. ಪಂಪವ್ವ ಒಂದು ಗುಟುಕು ಕುಡಿದಳು. ಬೇವು!

ಸತ್ತ ಕೂಸಿನ ಮೇಲೂ ಈ ಮುದುಕಿಗೆ ಹುಡುಗಾಟವೇ? ಮೈಯೆಲ್ಲ ಉರಿದುಹೋಯಿತು. ಬಟ್ಟಲು ಎತ್ತಿ ಬೀಸಿದಳು. ತಾಯಿಯ ಹಣೆ ಒಡೆದು ರಕ್ತ ಇಳಿಯಿತು.

ಪಂಪವ್ವ ಹೊಳೆಗೆ ಓಡಿದಳು. ಬಂಡೆಯ ಮೇಲೆ ಕೂತು ಮಧ್ಯಾಹ್ನದವರೆಗೆ ಬೈದಳು. ಬಿಸಿಲು ಇಳಿದಂತೆ ಸಿಟ್ಟೂ ಇಳಿದು, ಹೆದರಿಕೆ ಹತ್ತಿತು. ಇವರನ್ನೂ ಕೊಂದೆನೇನೋ. ನನ್ನಂಥ ಪಾಪಿ ಇರಲೇಬಾರದು.

ನೀರಿಗೆ ಇಳಿದಳು. ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಆದರೆ ತಾಯಿ ಹೇಗಿದ್ದಾರೋ ಎಂದು ನೋಡದೆ ಮುಂದಕ್ಕೆ ಕಾಲು ಬರಲಿಲ್ಲ.

ಒದ್ದೆ ಸೀರೆಯಲ್ಲೇ ಹಿಂದಿರುಗಿದಳು. ಹಣೆಗೆ ಬಟ್ಟೆ ಕಟ್ಟಿಕೊಂಡು ತಾಯಿ ಒಲೆಯ ಮುಂದೆ ಕೂತಿದ್ದರು. ಅದೇ ಬಟ್ಟಲಿಗೆ ಬಿಸಿ ಗಂಜಿ ಬಡಿಸಿದರು. ಈ ಸಲ ಬರೀ ಉಪ್ಪು.

"ಬಟ್ಟಲು ಎಸೆದಾಗ ಏನನ್ನಿಸಿತು?"

"ಮುದುಕಿ ಸಾಯಲಿ ಅನ್ನಿಸಿತು." ಸುಳ್ಳು ಹೇಳುವ ತ್ರಾಣವೂ ಪಂಪವ್ವನಲ್ಲಿ ಉಳಿದಿರಲಿಲ್ಲ.

"ಮತ್ತೆ ಯಾಕೆ ಬಂದೆ?"

"ನಿಮ್ಮನ್ನು ಬಿಟ್ಟು ಎಲ್ಲಿಗೆ ಹೋಗಲಿ ತಾಯಿ?"

ಅಷ್ಟು ಹೇಳಿ ಅವರ ಮಡಿಲಿಗೆ ಬಿದ್ದಳು. ಮಣ್ಣು ಮಾಡಿದ ದಿನವೂ ಬಾರದ ಅಳು ಈಗ ಬಂತು. ತುಂಬಾ ಹೊತ್ತು ಅತ್ತಳು.

ಮುಷ್ಟಿಯ ಮೇಲೆ ತಾಯಿ ಕೈ ಇಟ್ಟಾಗಲೇ ಗೊತ್ತಾದದ್ದು, ಅವರ ಸೆರಗನ್ನು ತಾನು ಬಿಗಿಯಾಗಿ ಹಿಡಿದಿದ್ದೇನೆ ಎಂದು.

ತಾಯಿ ಅದನ್ನು ಬಿಡಿಸಲಿಲ್ಲ.

"ಬೆಳಿಗ್ಗೆ ಬಟ್ಟಲು ಎಸೆದದ್ದೂ ಇದೇ ಕೈ ಅಲ್ಲವೇನವ್ವ?"