ಬಿರಿಯದ ಒಲೆ

"ಬುದ್ಧಿ, ಮೈಯನ್ನೇ ಕೆಡಿಸುವ ರೋಗಕ್ಕೆ ಇಷ್ಟು ಶುದ್ಧಿ ಎಲ್ಲಿಂದ ಬಂತು?" ಎಂದು ಉಜ್ಜನಪ್ಪ ಗುರುಗಳನ್ನು ಕೇಳಿದ.

ಅವನ ಅಕ್ಕ ಹಾಲಮ್ಮನಿಗೆ ಕ್ಯಾನ್ಸರ್. ಹೊರಗಿನ ನೀರು ಮುಟ್ಟದ ವ್ರತ ಹಿಡಿದಿದ್ದ ಉಜ್ಜನಪ್ಪ ಅವಳನ್ನು ಆಸ್ಪತ್ರೆಗೆ ಸೇರಿಸಿ, ಅಲ್ಲಿ ಉಳಿಯದೆ ಅಂದೇ ಮರಳಿ, ಮಿಂದು ಮಠಕ್ಕೆ ಬಂದಿದ್ದ. ಡಾಕ್ಟರು ಹೇಳಿದ ಮಾತೊಂದು ಅವನನ್ನು ಬಿಟ್ಟಿರಲಿಲ್ಲ.

"ನಮ್ಮ ಒಂದೊಂದು ಜೀವಕೋಶದಲ್ಲೂ ಮೈಟೋಕಾಂಡ್ರಿಯ ಎಂಬ ಸಣ್ಣ ಒಲೆಗಳಿವೆಯಂತೆ. ಕ್ಯಾನ್ಸರ್ ಕೋಶ ಕೆಟ್ಟ ಒಲೆಯನ್ನು ತಾನೇ ಒಡೆದು ಹಾಕಿ, ಒಳ್ಳೆಯದನ್ನೇ ಉಳಿಸಿಕೊಳ್ಳುತ್ತದಂತೆ."

ಗುರುಗಳು ಕಣ್ಣು ಮುಚ್ಚಿದರು. ನಿದ್ದೆಯೊಳಗಿಂದ ಬಂದಂತೆ ಕತೆ ಬಂತು.

ಒಂದು ಊರು. ಅಲ್ಲಿ ಒಲೆ ಬಿರಿದರೆ ಆ ಮನೆಯವನ ಕಾಲ ಮುಗಿಯಿತೆಂದು ಲೆಕ್ಕ. ಅವನು ತಾನೇ ಬೆಂಕಿ ಆರಿಸಿ, ಮನೆಯ ಮಣ್ಣು ಮರವನ್ನೆಲ್ಲ ನೆರೆಯವರಿಗೆ ಬಿಟ್ಟು, ಮಂಜಿನೊಳಗೆ ನಡೆದು ಹೋಗುತ್ತಿದ್ದ. ಯಾರೂ ಅಳುತ್ತಿರಲಿಲ್ಲ. ಊರು ಬದುಕಿದ್ದೇ ಹಾಗೆ.

ಅಲ್ಲೊಬ್ಬ ಗೃಹಸ್ಥ ಊರಿನ ಮಾತು ಕೇಳುವುದನ್ನು ಬಿಟ್ಟ. ನೆರೆಯವರ ನೀರು ತಿರುಗಿಸಿಕೊಂಡ, ಸೌದೆ ಎಳೆದುಕೊಂಡ. ಅವನ ಮನೆ ಬೀದಿಯ ಮೇಲೆ ಬೆಳೆಯಿತು, ಒಲೆಗಳು ಹೆಚ್ಚಿದವು.

"ಉರಿಸಲಿ ಬಿಡಿ. ಹೀಗೆ ಉರಿಸಿದರೆ ಒಲೆ ಇವತ್ತಲ್ಲ ನಾಳೆ ಬಿರಿಯುತ್ತದೆ," ಎಂದು ಊರವರು ಕಾದರು.

ಬಿರಿಯಲಿಲ್ಲ. ಪಕ್ಕದ ಮನೆಯ ಒಬ್ಬ ರೈತನ ಮಕ್ಕಳು ಹಸಿದು ಮಲಗುವಂತಾಯಿತು. ಬೆಳಗಿನ ಜಾವ ಅವನು ಹೋಗಿ ಬಾಗಿಲಲ್ಲಿ ನಿಂತ. ಹೊಗೆಯಿಲ್ಲ, ಬೂದಿಯಿಲ್ಲ. ಗೃಹಸ್ಥ ಒಂದೊಂದು ಒಲೆಯನ್ನೂ ಬೆರಳಿನಿಂದ ತಡವಿ ನೋಡುತ್ತಿದ್ದ. ಕೂದಲೆಳೆಯಷ್ಟು ಬಿರುಕು ಸಿಕ್ಕರೂ ಅದನ್ನು ಒಡೆದು, ಅದೇ ಮಣ್ಣನ್ನು ನೆನೆಸಿ ತುಳಿದು, ಹೊಸದು ಹಾಕುತ್ತಿದ್ದ. ಸಾರಿಸಿ ರಂಗೋಲಿಯನ್ನೂ ಎಳೆದಿದ್ದ.

"ಏನಯ್ಯಾ, ಊರನ್ನೇ ನುಂಗಿದವನಿಗೆ ಒಲೆಯ ಮೇಲೆ ಇಷ್ಟು ಭಕ್ತಿಯೇ?" ಎಂದ ರೈತ.

ಗೃಹಸ್ಥ ನಕ್ಕ. "ಬಿರಿದರಲ್ಲವೇ ನಾನು ಹೊರಡಬೇಕಾದದ್ದು?"

ರೈತ ಬೀದಿಗೆ ಬಂದು ಕೂಗಿದ: "ಕಾದದ್ದು ಸಾಕು, ಏಳಿ!"

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಉಜ್ಜನಪ್ಪ ಆ ಮಂಜಿನೂರಿನಲ್ಲೇ ಇದ್ದ. ಒಲೆಯ ಕಾವು ಕೆನ್ನೆಗೆ ತಾಗಿದಂತಿತ್ತು.

"ಹಾಗಾದರೆ ಶುದ್ಧಿಯೇ ತಪ್ಪೇ, ಬುದ್ಧಿ?"

"ತಪ್ಪೆಂದು ಯಾರಂದರು? ಈಗ ಆಸ್ಪತ್ರೆಯಲ್ಲಿ ನಿನ್ನ ಅಕ್ಕನಿಗೆ ಗಂಜಿ ಕುಡಿಸುತ್ತಿರುವವರು ಯಾರು, ಉಜ್ಜನಪ್ಪ?"