ಕೊನೆಯಲ್ಲಿ ಏಳುವವರು

ಹೊಳೆದಂಡೆಯ ಆ ಮಠದಲ್ಲಿ ನಿರ್ವಾಣಪ್ಪ ಧ್ಯಾನಸಿದ್ಧನೆಂದು ಹೆಸರಾದದ್ದು ಕಾಲುನೋವಿನಿಂದ.

ಅವನು ರೇಷ್ಮೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಹೆಂಡತಿ ತೀರಿಕೊಂಡ ಮೇಲೆ ಮಠದಲ್ಲೇ ಒಂದು ಕೋಣೆ ಹಿಡಿದಿದ್ದ. ಅಲ್ಲಿರುವಾಗಲೇ ಪ್ರಾಸ್ಟೇಟ್ ಕ್ಯಾನ್ಸರ್ ಬಂತು. ಗಂಡಸಿನ ಹಾರ್ಮೋನನ್ನು ಉಂಡು ಬೆಳೆಯುವ ಕಾಯಿಲೆ ಅದು. ಆ ಊಟ ನಿಲ್ಲಿಸಲು ಮೂರು ತಿಂಗಳಿಗೊಂದು ಇಂಜೆಕ್ಷನ್.

ಹಸಿವಿನಿಂದ ಕಾಯಿಲೆ ಸೊರಗಿತು. ಜೊತೆಗೆ ನಿರ್ವಾಣಪ್ಪನ ತೊಡೆಗಳೂ ಸೊರಗಿದವು.

ಮಂಡಿ ನೋಯುತ್ತಿತ್ತು. ಮೀನಖಂಡ ಸೆಳೆಯುತ್ತಿತ್ತು. ಇದ್ದಕ್ಕಿದ್ದಂತೆ ಮೈಯೆಲ್ಲ ಕಾದು ಬೆವರು ಕಿತ್ತುಬರುತ್ತಿತ್ತು. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳಹೊರಟರೆ ಗಂಡಸಿನ ಹಾರ್ಮೋನಿನ ವಿಷಯ ಬರುತ್ತಿತ್ತು. ಅದಕ್ಕಿಂತ ಕುಂಟುವುದೇ ಮರ್ಯಾದೆ ಎಂದು ಅವನ ತೀರ್ಮಾನ.

ಮಠದ ಹಿರಿಯ ಸ್ವಾಮಿಗಳನ್ನು ಆ ಸೀಮೆಯ ರೂಢಿಯಂತೆ ಎಲ್ಲರೂ ‘ಬುದ್ಧಿ’ ಎಂದು ಕರೆಯುತ್ತಿದ್ದರು. ಬೆಳಗಿನ ಧ್ಯಾನ ನೆಲದ ಮೇಲೆ. ಕಂಬದ ಪಕ್ಕ ಬುದ್ಧಿಯವರ ಚಾಪೆ, ಎದುರಿಗೆ ಉಳಿದವರ ಚಾಪೆ. ಧ್ಯಾನ ಮುಗಿದಾಗ ಬುದ್ಧಿ ಕೂತಲ್ಲಿಂದಲೇ ಕೈ ಎತ್ತಿ ಹರಸುತ್ತಿದ್ದರು. ಎಲ್ಲರೂ ಹೊರಗೆ ಹೋದ ಮೇಲೆ ತಾವು ಏಳುತ್ತಿದ್ದರು. ಗುರುವೇ ಕೊನೆಯಲ್ಲಿ ಏಳುವುದು ಎಂಥ ವಿನಯ ಎಂದು ಶಿಷ್ಯರು ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಒಂದು ಬೆಳಿಗ್ಗೆ ಬುದ್ಧಿ ಕೈ ಎತ್ತಿದರು. ಎಲ್ಲರೂ ಎದ್ದರು. ನಿರ್ವಾಣಪ್ಪನ ಕಾಲು ಏಳಲಿಲ್ಲ.

ಅಕ್ಕಪಕ್ಕದವರು ನೋಡುತ್ತಿದ್ದರು. ಏನೂ ತೋಚದೆ ಅವನು ಮತ್ತೆ ಕಣ್ಣು ಮುಚ್ಚಿದ.

“ಸದ್ದು ಮಾಡಬೇಡಿ,” ಎಂದ ಷಡಕ್ಷರಿ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟು, ದಿನವೂ ಧ್ಯಾನಕ್ಕೆ ಬರುವ ಭಕ್ತ ಅವನು. “ಯಜಮಾನರು ಒಳಗೆ ಇಳಿದುಬಿಟ್ಟಿದ್ದಾರೆ.”

ಎಲ್ಲರೂ ತುದಿಗಾಲಲ್ಲಿ ಹೊರಗೆ ಹೋದರು. ಕಣ್ಣು ಮುಚ್ಚಿದ್ದ ನಿರ್ವಾಣಪ್ಪನಿಗೆ ಕಂಬದ ಕಡೆಯಿಂದ ಒಂದು ದೀರ್ಘವಾದ ಉಸಿರು ಕೇಳಿಸಿತು. ಬುದ್ಧಿಯವರ ಪ್ರಾಣಾಯಾಮ ಎಂದುಕೊಂಡ. ಅವರ ಹೆಜ್ಜೆ ಸದ್ದು ದೂರವಾದ ಮೇಲೆ ಕಿಟಕಿಯವರೆಗೆ ತೆವಳಿ, ಸರಳು ಹಿಡಿದು ಮೇಲೆದ್ದ.

ಮರುದಿನವೂ ಇದೇ ಆಯಿತು. ಅದರ ಮರುದಿನವೂ.

ಷಡಕ್ಷರಿ ಬಂದು ಅವನ ಕಾಲಿಗೆ ನಮಸ್ಕರಿಸಿದ. ನೋಯುವ ಮಂಡಿಯನ್ನೇ ಭಕ್ತಿಯಿಂದ ಒತ್ತಿ ಹಿಡಿದ. ನಿರ್ವಾಣಪ್ಪನ ಕಣ್ಣಲ್ಲಿ ನೀರು ಬಂತು. ಅದು ಆನಂದಬಾಷ್ಪ ಎಂದು ಪೇಟೆಯಲ್ಲಿ ಸುದ್ದಿಯಾಯಿತು.

ಆಮೇಲೆ ಷಡಕ್ಷರಿಯೂ ಏಳದೆ ಕೂರತೊಡಗಿದ. ಅವನನ್ನು ನೋಡಿ ಇನ್ನೂ ಕೆಲವರು. ಯಾರು ಮೊದಲು ಕಣ್ಣು ಬಿಡುತ್ತಾರೋ ಅವರ ಸಾಧನೆ ಕಡಿಮೆ ಎಂದು ಲೆಕ್ಕವಾಯಿತು.

ದಾಸೋಹದಲ್ಲಿ ಉಪ್ಪಿಟ್ಟು ತಣ್ಣಗಾಗುತ್ತಿತ್ತು. ಅಡುಗೆಯ ಪುಟ್ಟಮಾದಮ್ಮ ಸೌಟು ಹಿಡಿದುಕೊಂಡೇ ಬುದ್ಧಿಯವರ ಹತ್ತಿರ ಬಂದಳು.

“ಬುದ್ಧಿ, ದೇವರು ಕಂಡೋರಿಗೆ ಹೊಟ್ಟೆ ಹಸಿಯಲ್ವಾ?”

“ಕಂಡಿದ್ದರೆ ಹಸಿಯುತ್ತಿತ್ತು ಕಣಮ್ಮ,” ಎಂದರು ಬುದ್ಧಿ.

ಮರುದಿನ ಅವರು ಕೈ ಎತ್ತಿ, ನಿರ್ವಾಣಪ್ಪನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಹೊರಗೆ ಹೋಗಬೇಕೆಂದು ಹೇಳಿದರು. ಷಡಕ್ಷರಿ ಹೊಟ್ಟೆಕಿಚ್ಚಿನಿಂದ ಹೋದ.

ಇಬ್ಬರೇ ಉಳಿದರು.

“ಏಳು ನಿರ್ವಾಣಪ್ಪ.”

“ಬುದ್ಧಿಯೋರು ಕೂತಿರೋವಾಗ ನಾನು ಏಳೋದು ಸರಿಯಲ್ಲ.”

“ನೀನು ಎದ್ದ ಮೇಲೇ ನಾನು ಏಳೋದು. ಇವತ್ತಿನಿಂದ ನನ್ನ ನೇಮ ಅದು.”

ನಿರ್ವಾಣಪ್ಪ ಕಣ್ಣು ಮುಚ್ಚಿದ. ಬುದ್ಧಿಯೂ ಮುಚ್ಚಿದರು. ಕಿಟಕಿಯ ಬಿಸಿಲು ನೆಲದ ಮೇಲೆ ಸರಿಯುತ್ತ ಬಂದು ಇಬ್ಬರ ಚಾಪೆಗಳನ್ನೂ ದಾಟಿತು.

ಕೊನೆಗೆ ನಿರ್ವಾಣಪ್ಪನ ಬಾಯಿಂದ ಮಾತು ಹೊರಟಿತು.

“ಏಳಕ್ಕಾಗಲ್ಲ ಬುದ್ಧಿ.”

“ನೀನು ಇಲ್ಲಿ ಕೂತು ಹೇಳಿದ ಮೊದಲ ಮಂತ್ರ ಇದು. ಮುಂದೆ ಹೇಳು.”

ಅವನು ಹೇಳಿದ. ಕಾಯಿಲೆ, ಇಂಜೆಕ್ಷನ್, ಹಾರ್ಮೋನು, ಬೆವರು, ಕಿಟಕಿಯ ಸರಳು, ಎಲ್ಲವನ್ನೂ. ಆಕಾಶ ಕಳಚಿ ಬೀಳಲಿಲ್ಲ. ಬುದ್ಧಿ ಆಕಳಿಸಿದರು, ಅಷ್ಟೆ.

“ಸೋಮವಾರ ಮತ್ತೆ ಇಂಜೆಕ್ಷನ್ ಇದೆ ಬುದ್ಧಿ. ಹೋಗಬಾರದು ಅಂತ ನಿರ್ಧಾರ ಮಾಡಿದ್ದೀನಿ. ಅದನ್ನ ಬಿಟ್ಟರೆ ಕಾಲು ವಾಪಸ್ ಬರುತ್ತೆ.”

“ಕಾಲು ಉಳಿಸಿಕೊಳ್ಳೋಕೆ ಕಾಯಿಲೆಗೆ ಎಲೆ ಹಾಕಿ ಊಟ ಬಡಿಸ್ತೀಯಾ?”

“ಬೇರೆ ದಾರಿ ಏನಿದೆ?”

“ದಾರಿ ಗೊತ್ತಿರೋರನ್ನ ಕೇಳಿದೆಯಾ?”

“ಕಾಲಲ್ಲಿ ಶಕ್ತಿ ಹೇಗಿದೆ ಅಂತ ಡಾಕ್ಟರಮ್ಮ ಪ್ರತಿ ಸಲ ಅವರೇ ಕೇಳ್ತಾರೆ. ಕಲ್ಲಿನ ಹಾಗಿದೆ ಅಂತೀನಿ.”

“ಯಾಕೆ?”

“ನನ್ನ ಮಗಳ ವಯಸ್ಸು ಅವರದ್ದು.”

“ಅವರು ಕೇಳಿದ್ದು ಕಾಲಿನ ಸಮಾಚಾರ. ನೆಂಟಸ್ತನ ಮಾಡೋಕೆ ಬಂದಿರಲಿಲ್ಲವಲ್ಲ.”

ನಿರ್ವಾಣಪ್ಪ ಮಂಡಿ ನೀವಿಕೊಂಡ.

“ಸೋಮವಾರ ಹೋಗು. ಬಾಯಲ್ಲಿ ಹೇಳೋಕೆ ನಾಚಿಕೆಯಾದರೆ ಬೇಡ. ಅವರ ಎದುರಿಗೆ ನೆಲದ ಮೇಲೆ ಕೂತು, ಎದ್ದು ತೋರಿಸು.”

“ಏಳಕ್ಕಾಗದಿದ್ದರೆ?”

“ಅದನ್ನೇ ತೋರಿಸು ಅಂದದ್ದು.”

ಸೋಮವಾರ ನಿರ್ವಾಣಪ್ಪ ಆಸ್ಪತ್ರೆಯ ಕೋಣೆಯೊಳಗೆ ಹೋಗಿ, ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಧರಣಿ ಇರಬೇಕು ಎಂದುಕೊಂಡು ನರ್ಸು ಹೊರಗಿನಿಂದ ಜನ ಕರೆದಳು. ಅವರೇ ಅವನನ್ನು ಎತ್ತಿ ನಿಲ್ಲಿಸಬೇಕಾಯಿತು.

ಡಾಕ್ಟರಮ್ಮ ನಗಲಿಲ್ಲ. ಬೆನ್ನು ತಟ್ಟಿ ನೋಡಿದರು, ಪಾದ ಒತ್ತಿ ನೋಡಿದರು. ಕಾಯಿಲೆ ಬೆನ್ನುಹುರಿಯನ್ನು ಒತ್ತಿದ್ದರೂ ಕಾಲು ಹೀಗೆ ಸೋಲಬಹುದು ಎಂದು ಸ್ಕ್ಯಾನಿಗೆ ಕಳಿಸಿದರು. ಉತ್ತರ ಬರುವವರೆಗೆ ನಿರ್ವಾಣಪ್ಪ ನಿಜವಾಗಿಯೂ ಧ್ಯಾನ ಮಾಡಿದ.

ಬೆನ್ನಿಗೆ ಏನೂ ಆಗಿರಲಿಲ್ಲ.

“ಇಂಜೆಕ್ಷನ್ನಿನಿಂದ ಮಾಂಸಖಂಡ ಕರಗಿದೆ, ಅಷ್ಟೇ,” ಎಂದರು ಡಾಕ್ಟರಮ್ಮ. “ಅದಕ್ಕೆ ಅಂತ ಇಂಜೆಕ್ಷನ್ ಬಿಡೋದು ಬೇಡ. ಕಾಲಿಗೆ ಕೆಲಸ ಕೊಡಿ. ದಿನಾ ನಡೀರಿ. ಕುರ್ಚಿಯಿಂದ ಎದ್ದು ಕೂತು ಮಾಡಿ.”

“ಸುಸ್ತಾಗುತ್ತಲ್ಲಮ್ಮ?”

“ಸುಸ್ತು ಅಂತ ಕೂತುಬಿಟ್ಟರೆ ಅದು ಇನ್ನೂ ಜಾಸ್ತಿಯಾಗುತ್ತೆ. ಕಾಲು ಇದ್ದಕ್ಕಿದ್ದ ಹಾಗೆ ಸೋತರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಆ ಗಳಿಗೆಯಲ್ಲೇ ಬನ್ನಿ. ಕಲ್ಲಿನ ಹಾಗಿದೆ ಅಂತ ಮಾತ್ರ ಇನ್ನು ಮೇಲೆ ಹೇಳಬೇಡಿ.”

ನಿರ್ವಾಣಪ್ಪ ಸಮಾಧಾನದ ಭರದಲ್ಲಿ ಅಂಗಿಯ ತೋಳು ಮಡಿಸಿ ಇಂಜೆಕ್ಷನ್ ಕೇಳಿದ. ಅದು ಹೊಟ್ಟೆಗೆ ಹಾಕುವುದು ಎಂದು ನರ್ಸು ನೆನಪಿಸಿದಳು.

ಮರುದಿನ ಬೆಳಿಗ್ಗೆ ಅವನ ಚಾಪೆಯ ಜಾಗದಲ್ಲಿ ಒಂದು ಮರದ ಕುರ್ಚಿ ಇತ್ತು.

“ಬುದ್ಧಿಯೋರು ನೆಲದ ಮೇಲಿರುವಾಗ ನಾನು ಕುರ್ಚಿ ಮೇಲೆ ಕೂರೋದಾ?”

“ಸಂಕೋಚ ಆಗುತ್ತಾ?”

“ಪ್ರಾಣ ಹೋದ ಹಾಗಾಗುತ್ತೆ.”

“ಒಳ್ಳೇದಾಯಿತು. ಹಾಗನ್ನಿಸಿದಾಗಲೆಲ್ಲ ಎದ್ದು ನಿಲ್ಲು.”

“ಕಾಲು ನಡುಗಿದರೆ?”

“ಕೂರು.”

“ಕೂತ ಕೂಡಲೇ ಮತ್ತೆ ಸಂಕೋಚ ಆಗುತ್ತಲ್ಲ ಬುದ್ಧಿ.”

“ಆಗಲಿ. ನಿನಗೆ ನಾನು ಕೊಡೋ ಸಾಧನೆ ಅದೇ.”

“ಮಂತ್ರ?”

“ಮಂಡಿ ಏನು ಹೇಳುತ್ತೋ ಅದು.”

ಮಂಡಿ ಲಟಕ್ ಎಂದಿತು.

ಹೀಗೆ ಆ ಮಠದ ಧ್ಯಾನಸಿದ್ಧ ಎಲ್ಲರ ಕಣ್ಣೆದುರೇ ಕೆಟ್ಟುಹೋದ. ಏಳುವನು, ಕೂರುವನು, ಮತ್ತೆ ಏಳುವನು. ಕುರ್ಚಿ ಕಿರ್ ಎನ್ನುತ್ತಿತ್ತು. ಷಡಕ್ಷರಿ ಒಂದು ಕಣ್ಣು ತೆರೆದು ನೋಡಿ ಮರುಗಿದ.

“ಹೇಗಿದ್ದ ಮನುಷ್ಯ ಹೇಗಾಗಿಬಿಟ್ಟರು,” ಎಂದು ಅವನು ಹೊರಗೆ ಹೇಳಿದ. “ಚಂಚಲ. ಒಂದು ಗಳಿಗೆ ಕೂರೋದಿಲ್ಲ.”

ಪಾದಕ್ಕೆ ಬೀಳುವವರು ಕಡಿಮೆಯಾದರು. ಪೈಪೋಟಿ ಮುಗಿದ ಮೇಲೆ ಕೂತಿರುವುದರಲ್ಲಿ ಯಾರಿಗೂ ಆಸಕ್ತಿ ಉಳಿಯಲಿಲ್ಲ. ಉಪ್ಪಿಟ್ಟು ಬಿಸಿಯಾಗಿಯೇ ಖರ್ಚಾಯಿತು.

“ನಿಮ್ಮ ಧ್ಯಾನ ಕೆಟ್ಟು ನನಗೆ ಪುಣ್ಯ ಬಂತು,” ಎಂದು ಪುಟ್ಟಮಾದಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು.

ಮೊದಮೊದಲು ಕುರ್ಚಿಯ ಕೈ ಹಿಡಿದೇ ಏಳಬೇಕಾಗುತ್ತಿತ್ತು. ರಾತ್ರಿಯೆಲ್ಲ ಮೈ ಕಾದು ನಿದ್ದೆಗೆಟ್ಟ ದಿನಗಳಲ್ಲಿ ಅದೂ ಆಗುತ್ತಿರಲಿಲ್ಲ. ಅಂಥ ದಿನ ಬುದ್ಧಿ “ಇವತ್ತು ಸಂಕೋಚಕ್ಕೆ ರಜೆ” ಎನ್ನುತ್ತಿದ್ದರು. ಅವನು ಕುರ್ಚಿಯಲ್ಲೇ ತೂಕಡಿಸುತ್ತಿದ್ದ.

ಸಂಜೆ ದಂಡೆಯ ಮೇಲೆ ನಡೆಯುತ್ತಿದ್ದ. ಮೊದಲು ಮಗುಚಿ ಹಾಕಿದ್ದ ತೆಪ್ಪದವರೆಗೆ. ಆಮೇಲೆ ಅಗಸರ ಕಲ್ಲಿನವರೆಗೆ. ನೋವು ಪೂರ್ತಿ ಹೋಗಲಿಲ್ಲ. ಆದರೆ ಅದೂ ಅವನ ಜೊತೆ ನಡೆಯುವುದನ್ನು ಕಲಿಯಿತು.

ಒಂದು ಬೆಳಿಗ್ಗೆ ಅವನು ಎದ್ದು ನಿಂತ ಮೇಲೆ, ಕೈಗಳೆರಡೂ ತೊಡೆಯ ಮೇಲೇ ಇದ್ದದ್ದು ಗಮನಕ್ಕೆ ಬಂತು. ಕುರ್ಚಿಯ ಕೈಯನ್ನು ಅವು ಹಿಡಿದೇ ಇರಲಿಲ್ಲ. ಬುದ್ಧಿಯವರ ಕಡೆ ನೋಡಿದ. ಅವರು ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು.

ಅಂದು ಸಂಜೆ, “ನಡಿ, ನಾನೂ ಬರ್ತೀನಿ,” ಎಂದು ಬುದ್ಧಿ ಹೊರಟರು.

ಇಬ್ಬರೂ ಹೊಳೆಯ ಸೋಪಾನ ಇಳಿದು, ಕೊನೆಯ ಮೆಟ್ಟಿಲಲ್ಲಿ ಕೂತು, ನೀರಲ್ಲಿ ಕಾಲು ಇಳಿಬಿಟ್ಟರು.

“ಈ ಕಾಲು ಮೊದಲಿನ ಹಾಗೆ ಆಗುತ್ತಾ ಬುದ್ಧಿ?”

“ಮೊದಲಿನ ಕಾಲಲ್ಲಿ ಎಲ್ಲಿಗೆ ಹೋಗ್ತಿದ್ದೆ?”

“ಆಫೀಸಿಗೆ.”

“ಈ ಕಾಲಲ್ಲಿ?”

“ಹೊಳೆಗೆ.”

ಬುದ್ಧಿ ನೀರನ್ನು ನೋಡಿದರು.

ಬಿಸಿಲು ಇಳಿಯಿತು. ನಿರ್ವಾಣಪ್ಪ ಎದ್ದು ನಿಂತ. ಬುದ್ಧಿ ಏಳಲಿಲ್ಲ. ಕಣ್ಣು ಮುಚ್ಚಿದ್ದರು.

ಒಳಗೆ ಇಳಿದಿದ್ದಾರೆ ಎಂದುಕೊಂಡು ಅವನು ತುದಿಗಾಲಲ್ಲಿ ಮೆಟ್ಟಿಲು ಹತ್ತತೊಡಗಿದ. ಆಗ ಹಿಂದಿನಿಂದ ಒಂದು ದೀರ್ಘವಾದ ಉಸಿರು ಕೇಳಿಸಿತು. ದಿನವೂ ಬೆಳಿಗ್ಗೆ ಕಂಬದ ಕಡೆಯಿಂದ ಕೇಳಿ ಬಲ್ಲ ಉಸಿರು.

ಅವನು ತಿರುಗಿ ನೋಡಿದ. ಹಿಡಿದು ಏಳಲು ಇಲ್ಲಿ ಕಂಬವಿರಲಿಲ್ಲ. ಬುದ್ಧಿಯವರ ಅಂಗೈ ಕಲ್ಲನ್ನು ಒತ್ತುತ್ತಿತ್ತು, ಪಾಚಿಯ ಮೇಲೆ ಜಾರುತ್ತಿತ್ತು.

ನಿರ್ವಾಣಪ್ಪ ಇಳಿದು ಬಂದು, ಕಾಲು ಅಗಲಿಸಿ ಊರಿ ನಿಂತು ಕೈ ಕೊಟ್ಟ. ತೊಡೆ ನಡುಗಿತು. ಮಂಡಿ ತನ್ನ ಮಂತ್ರ ಹೇಳಿತು. ಆದರೆ ಕಾಲು ಸೋಲಲಿಲ್ಲ. ಬುದ್ಧಿ ನಿಧಾನವಾಗಿ ಮೇಲೆದ್ದು, ಅವನ ಭುಜ ಹಿಡಿದು ನಿಂತು, ಉಸಿರು ಸುಧಾರಿಸಿಕೊಂಡರು.

“ಈ ಮಠದ ಮೊದಲ ಧ್ಯಾನಸಿದ್ಧ ನೀನೇ ಅಂದ್ಕೊಂಡಿದ್ದೆಯಾ? ನಾಳೆ ನನಗೂ ಒಂದು ಕುರ್ಚಿ ಹಾಕು.”