ಯಾರ ಮನೆಯ ಗೂಟ?

"ಕೇಳಿರಪ್ಪೋ ಕೇಳಿ! ಅರಮನೆಯ ಬಡಗಿ ಮಾಡಿಕೊಟ್ಟ ಬೀಸುಕಲ್ಲಿನ ಗೂಟಗಳು ಮುರಿದು ಹೆಣ್ಣುಮಕ್ಕಳ ಕೈಗಳು ಊನವಾಗುತ್ತಿವೆ. ಮುರಿಯುವ ಕಾರಣ ತಿಳಿಯುವ ದಾರಿ ರಾಜಕುಮಾರಿ ಹೊನ್ನಲದೇವಿಯ ಮೂರು ಒಗಟುಗಳಲ್ಲಿದೆ. ಬಿಡಿಸಿದವನು ಅರಮನೆಯ ಅಳಿಯ. ತಪ್ಪಿದವನಿಗೆ ತಲೆದಂಡ!"

ರಾಜ ಡಂಗುರವೇನೋ ಹೊಡೆಸಿದ. ಆದರೆ ಇದ್ದ ದಾರಿ ಮುಚ್ಚಿದವನೂ ಅವನೇ, ಪಾಪ. ಗೂಟ ಮುರಿದ ಮನೆಗೆಲ್ಲ ಆಳು ಕಳಿಸಿ, ಎಲ್ಲ ತಿಳಿದಿರಲಿ ಎಂದು, ಬೀಸುವಾಗ ಹಾಡುತ್ತಿದ್ದ ಪದವನ್ನೂ ಕೇಳಿಸಿಕೊಂಡು ಬರಹೇಳಿದ್ದ. ಬೀಸುಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುವುದೇನು? ಅತ್ತೆಯ ಕಾಟ, ಗಂಡನ ಕುಡಿತ, ತವರಿನ ನೆನಪು. ಆ ಪದಗಳು ಊರವರ ಬಾಯಿಗೆ ಬಿದ್ದವು. ಅಂದಿನಿಂದ ಗೂಟ ಮುರಿದರೂ ಯಾರೂ ತುಟಿ ಬಿಚ್ಚಲಿಲ್ಲ.

ಮೊದಲು ಬಂದವನು ದಂಡನಾಯಕನ ಮಗ.

"ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಕೈ ಹೋಗುತ್ತದೆ. ಏನದು?" ಎಂದಳು ರಾಜಕುಮಾರಿ.

"ಕಳ್ಳತನ!" ಎಂದು ಮೀಸೆ ತಿರುವಿದ. ತಲೆದಂಡದ ದಿನ ಕಾಯುತ್ತ ಸೆರೆಮನೆ ಸೇರಿದ.

ಮಂತ್ರಿಯ ಮಗ ಜಾಣ, ಅದನ್ನು ದಾಟಿದ. ರಾಜಕುಮಾರಿ ಎರಡನೆಯದನ್ನು ಕೇಳಿದಳು: "ಸುದ್ದಿ ಬರಬೇಕು, ಅದರ ಹಿಂದೆ ಮನೆ ಬರಬಾರದು. ಏನು ತರಿಸಲಿ?"

"ಗುಟ್ಟಾಗಿ ಕೇಳಿ ಬರುವ ಗೂಢಚಾರರನ್ನು." ಅವನೂ ಸೆರೆಮನೆ ಸೇರಿದ.

ಆಮೇಲೆ ಬಂದವನು ಬಳೆಗಾರ ಯಂಕೋಬ. ಅವನ ತಂಗಿಯ ಮಣಿಕಟ್ಟು ಮುರಿದಿತ್ತು. ಪದ ಹೊರಬಿದ್ದೀತೆಂದು ಅವಳು ವೈದ್ಯನಿಗೂ ಹೇಳಿರಲಿಲ್ಲ. ಅಣ್ಣನಿಗೆ ಆ ನೋವು ತಡೆಯಲಾಗಿರಲಿಲ್ಲ.

"ಮೊದಲನೇದು ಗೂಟ ಮುರಿದ ಸುದ್ದಿರೀ, ತಾಯಿ," ಎಂದ. "ಎರಡನೇದಕ್ಕ ಮುರಿದ ಗೂಟಾನ ತರಿಸ್ರಿ, ಯಾರ ಮನೀದಂತ ಕೇಳಬ್ಯಾಡ್ರಿ. ಜೋಳ ಬೀಸ್ತಿದ್ರೋ ರಾಗಿ ಬೀಸ್ತಿದ್ರೋ ಅಷ್ಟ ಕೇಳ್ರಿ. ಏನ್ ಹಾಡ್ತಿದ್ರು ಅನ್ನೋದು ಬಡಗಿಗೆ ಯಾಕ ಬೇಕ್ರಿ?"

ರಾಜಕುಮಾರಿ ಒಂದು ಮುರಿದ ಗೂಟ ಎತ್ತಿ ಹಿಡಿದಳು. ತಿಪ್ಪೆಯಲ್ಲಿ ಸಿಕ್ಕಿದ್ದು, ಹಿಡಿಗೆ ಹಸಿರು ಬಟ್ಟೆ ಸುತ್ತಿತ್ತು. "ಇನ್ನು ಮೂರನೆಯದು. ಮನೆಮನೆ ತಿರುಗುವವನು ನೀನು. ಇದು ಯಾರ ಮನೆಯದು?"

ಯಂಕೋಬ ನೋಡಿದೊಡನೆ ಗುರುತು ಹಿಡಿದ.

"ಗೊತ್ತೈತ್ರಿ. ಹೇಳಂಗಿಲ್ಲ."

"ತಲೆ ಹೋಗುತ್ತದೆ!" ಎಂದ ರಾಜ.

"ಹೋಗ್ಲಿರೀ ಬುದ್ಧಿ. ಬಳೆ ಇಡಾಕ ಕೈ ಕೊಟ್ಟವ್ರ ಮನಿ ಮಾತು ನಾ ಹೆಂಗ ಆಡ್ಲಿ?"

ರಾಜ ಕಟುಕನಿಗೆ ಸನ್ನೆ ಮಾಡಿದ. ರಾಜಕುಮಾರಿ ಮಾತ್ರ ತಂದೆಯ ಕೈ ಹಿಡಿದು, ನೆರೆದ ಜನರತ್ತಲೇ ನೋಡುತ್ತಿದ್ದಳು.

"ತಡೀರಿ!" ಸೆರಗು ಹೊದ್ದ ಹೆಂಗಸೊಬ್ಬಳು ಜನರನ್ನು ಸರಿಸಿಕೊಂಡು ಮುಂದೆ ಬಂದಳು, ನೀಲವ್ವ. "ಅದು ನನ್ನ ಗೂಟ. ಜೋಳ ಬೀಸ್ತಿದ್ದೆ. ಪದ ಮಾತ್ರ ಕೇಳಬ್ಯಾಡ್ರಿ."

"ಕೇಳುವುದಿಲ್ಲ, ತಾಯಿ," ಎಂದಳು ರಾಜಕುಮಾರಿ. ಅವಳ ಕಣ್ಣು ತುಂಬಿತ್ತು. "ಅಪ್ಪಾಜಿ, ಮೂರನೆಯದರ ಉತ್ತರ ಇದೇ. ಆ ಹೆಸರು ಹೇಳುವ ಹಕ್ಕು ಅವಳೊಬ್ಬಳದು. ಇವನು ಬಾಯಿ ಕಟ್ಟಿದ್ದಕ್ಕೇ ಅವಳು ಬಾಯಿ ಬಿಟ್ಟಳು."

ಯಂಕೋಬ ಬೇಡಿದ್ದಕ್ಕೆ ಸೆರೆಯಲ್ಲಿದ್ದ ಇಬ್ಬರ ತಲೆಯೂ ಉಳಿಯಿತು, ರಾಜಕುಮಾರಿಯೊಂದಿಗೆ ಅವನ ಮದುವೆಯೂ ಆಯಿತು. ಹೆಸರೂ ಪದವೂ ಕೇಳುವುದಿಲ್ಲವೆಂದು ತಿಳಿದ ಮೇಲೆ ಅರಮನೆಯ ಅಂಗಳದಲ್ಲಿ ಮುರಿದ ಗೂಟಗಳ ರಾಶಿ ಬಿತ್ತು, ಒಂದಕ್ಕೂ ಹೆಸರಿರಲಿಲ್ಲ. ಬಡಗಿ ಒಂದೊಂದನ್ನೇ ತಿರುಗಿಸಿ ನೋಡಿದ. ಎಲ್ಲವೂ ಬುಡದ ಒಂದೇ ಕಡೆ ಸೀಳಿದ್ದವು. ಹಸಿ ಮರದಲ್ಲಿ ಕೆತ್ತಿದ ತಪ್ಪು ತನ್ನದೇ ಎಂದು ತಲೆ ಚಚ್ಚಿಕೊಂಡು, ಒಣಗಿದ ಜಾಲಿಯಲ್ಲಿ ಹೊಸ ಗೂಟ ಮಾಡಿಕೊಟ್ಟ. ಮರುದಿನ ಬೆಳಗಿನ ಜಾವ ಊರ ಹೆಣ್ಣುಮಕ್ಕಳು ಗಂಟಲು ಬಿಚ್ಚಿ ಹಾಡಿದರು. ಏನು ಹಾಡಿದರೆಂದು ನನಗೆ ಗೊತ್ತಿಲ್ಲ.